ಐದು ಗಂಟೆಯ ನಳ

ಪರೇಲಿನ ಆ ಚಾಳಿನ ಎರಡನೆಯ ಮಾಳಿಗೆಯಲ್ಲಿ ಇಪ್ಪತ್ತೆರಡು ಖೋಲಿಗಳಿದ್ದವು, ನಳ ಒಂದೇ. ನೀರು ಬೆಳಗಿನ ನಾಲ್ಕೂವರೆಗೆ ಬರುತ್ತಿತ್ತು, ಆರೂ ಕಾಲಿಗೆ ನಿಲ್ಲುತ್ತಿತ್ತು. ಬಟ್ಟೆ ಗಿರಣಿಯ ಮೊದಲನೆಯ ಭೋಂಗಾ ಕೂಗುವುದು ಆರೂವರೆಗೆ, ಎರಡನೆಯದು ಏಳಕ್ಕೆ. ಏಳೂ ಹತ್ತಕ್ಕೆ ಗೇಟು ಮುಚ್ಚಿಬಿಡುತ್ತಿದ್ದರು. ಈ ನಡುವಿನ ಹೊತ್ತಿನಲ್ಲಿ ಆ ಮಾಳಿಗೆಯಲ್ಲಿ ನಡೆಯುವ ಹೊಡೆದಾಟಗಳನ್ನು ದಾನವ್ವ ಹದಿನಾಲ್ಕು ವರ್ಷ ನೋಡಿದ್ದಳು. ಅದರಲ್ಲಿ ಹನ್ನೊಂದು ವರ್ಷ ತಾನೂ ಹೊಡೆದಿದ್ದಳು.

ಹೊಡೆತಕ್ಕೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಏಳದ ಮಗುವನ್ನು ರಟ್ಟೆ ಹಿಡಿದು ಜಗ್ಗಿದ ತಾಯಿಯೊಬ್ಬಳ ಕೈಯಲ್ಲಿ ಅದರ ಮೊಣಕೈ ಕೀಲು ತಪ್ಪಿತ್ತು. ಇನ್ನೊಬ್ಬಳು ರೊಟ್ಟಿ ಬಡಿಯುತ್ತಿದ್ದಾಗ ಮಗ ಶಾಲೆಯ ಪಾಟಿ ಕಳೆದಿದೆಯೆಂದು ಹೇಳಿದ. ಅವನ ಅಂಗೈಗೆ ಕಾದ ಹಂಚಿನ ಅಂಚು ತಾಗಿಸಿದಳು. ರೊಟ್ಟಿ ತಡವಾಯಿತೆಂದು ಗಂಡಸರು ಹೆಂಗಸರನ್ನು ಹೊಡೆಯುತ್ತಿದ್ದರು. ನಳದ ಹತ್ತಿರ ಹೆಂಗಸರು ಹೆಂಗಸರನ್ನು ಹೊಡೆಯುತ್ತಿದ್ದರು. ಏಳೂ ಹತ್ತರ ಮೇಲೆ ಮಾಳಿಗೆ ತಣ್ಣಗಾಗುತ್ತಿತ್ತು. ಸಂಜೆ ಅದೇ ತಾಯಂದಿರು ಅದೇ ಮಕ್ಕಳಿಗೆ ಎಣ್ಣೆ ತಿಕ್ಕುತ್ತಾ ಬಾಸುಂಡೆಯ ಮೇಲೆ ಮೆಲ್ಲಗೆ ಕೈಯಾಡಿಸುತ್ತಿದ್ದರು.

ದಾನವ್ವ ವಿಜಾಪುರದ ಕಡೆಯವಳು. ಗಂಡನ ಹಿಂದೆ ಪರೇಲಿಗೆ ಬಂದವಳು. ಗಂಡ ತೀರಿಕೊಂಡ ಮೇಲೂ ಗಿರಣಿಯಲ್ಲಿ ನೂಲು ಸುತ್ತುವ ವೈಂಡಿಂಗ್ ಖಾತೆಯಲ್ಲಿ ದುಡಿದು ಒಬ್ಬನೇ ಮಗ ಮುರಿಗೆಪ್ಪನನ್ನು ಸಾಕಿದಳು. ಅವನಿಗೆ ಎಂಟು ವರ್ಷವಿದ್ದಾಗ ಒಂದು ಸೋಮವಾರ ಬೆಳಿಗ್ಗೆ, ಅಂಗಿಯ ಗುಂಡಿ ಹಾಕಿಕೊಳ್ಳದೆ ಗ್ಯಾಲರಿಯಲ್ಲಿ ನಿಂತು ಪಾರಿವಾಳ ನೋಡುತ್ತಿದ್ದ. ಅವಳು ಬೀಸಿ ಕಪಾಳಕ್ಕೆ ಕೊಟ್ಟಳು. ಹುಡುಗ ಅಳಲಿಲ್ಲ, ಗೋಡೆ ಹಿಡಿದು ಕುಳಿತ. ಕಿವಿಯಿಂದ ರಕ್ತ ಸಣ್ಣಗೆ ಇಳಿಯಿತು. ಅವಳು ಸೆರಗಿನಿಂದ ಒರೆಸಿ, ಬಾಗಿಲು ಎಳೆದುಕೊಂಡು, ಏಳಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಗೇಟು ದಾಟಿದಳು. ಆ ತಿಂಗಳು ಅವಳ ಕಾರ್ಡಿನಲ್ಲಿ ಒಂದೂ ಲೇಟು ಇರಲಿಲ್ಲ. ಮುರಿಗೆಪ್ಪನ ಎಡಗಿವಿ ಮತ್ತೆ ಕೇಳಲಿಲ್ಲ. ಈಗ ಹತ್ತೊಂಬತ್ತರ ಆಳು. ನಸುಕಿನ ಲೋಕಲ್ ಹಿಡಿದು ಚೆಂಬೂರಿನ ಕಡೆಯ ಹೊಸ ಕಾರ್ಖಾನೆಗೆ ಹೋಗುತ್ತಿದ್ದ. ತಾಯಿ ಮಾತಾಡಿದರೆ ಬಲಗೆನ್ನೆ ತಿರುಗಿಸಿ ಕೇಳುತ್ತಿದ್ದ. ಆ ಸೋಮವಾರದ ಮಾತು ಇಬ್ಬರೂ ಎತ್ತಿದವರಲ್ಲ.

ಗಿರಣಿ ಅವಳನ್ನು ಬಿಟ್ಟದ್ದು ಮಷೀನಿನ ಪಟ್ಟಾ ಅವಳ ಎಡಗೈಯ ಎರಡು ಬೆರಳು ತೆಗೆದುಕೊಂಡ ಮೇಲೆ. ಗಾಯ ಮಾಗಿ ಮನೆಯಲ್ಲಿ ಕುಳಿತ ಮೊದಲ ಬೆಳಿಗ್ಗೆ ಅವಳಿಗೆ ಎಲ್ಲಿಗೂ ಓಡುವುದಿರಲಿಲ್ಲ. ಬಾಗಿಲಲ್ಲಿ ಕೂತು, ಪರವೂರಿನವಳಂತೆ, ಇಡೀ ಮಾಳಿಗೆಯ ರಂಪ ನೋಡಿದಳು. ಮರುದಿನವೂ ನೋಡಿದಳು. ವಾರ ಕಳೆಯುವುದರಲ್ಲಿ ಅವಳಿಗೆ ಒಂದು ಸಂಗತಿ ತಿಳಿಯಿತು. ಹೆಚ್ಚಿನ ಏಟುಗಳು ಬೀಳುವುದು ಮೂರೇ ಗಳಿಗೆಯಲ್ಲಿ: ಮಕ್ಕಳನ್ನು ಎಬ್ಬಿಸುವಾಗ, ತಲೆ ಬಾಚುವಾಗ, ನಳದ ಹತ್ತಿರ. ಈ ಮೂರು ಕೆಲಸವನ್ನು ಬೆಳಗಿನಿಂದ ಕಿತ್ತು ಬೇರೆ ಕಡೆ ಇಟ್ಟರೆ ಕೈ ಏಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಲು ಎರಡೂವರೆ ವರ್ಷ ಹಿಡಿಯಿತು, ಮೊದಲು ಹೇಳಿದ್ದು ರಾಚವ್ವನಿಗೆ. ರಾಚವ್ವ ಗೋಡೆಯಾಚೆಯ ಖೋಲಿಯವಳು. ದಾನವ್ವನಿದ್ದ ವೈಂಡಿಂಗ್ ಖಾತೆಯಲ್ಲೇ ಕಾಯಂ ಕೆಲಸ. ಏಳು ವರ್ಷದ ಮಗಳು, ಮೂರು ವರ್ಷದ ಮಗ. ಗಂಡನಿಗೆ ರಾತ್ರಿ ಪಾಳಿ. ಅವನು ಮನೆಗೆ ಬರುವಷ್ಟರಲ್ಲಿ ಅವಳು ಮಷೀನಿನ ಮುಂದೆ ಇರುತ್ತಿದ್ದಳು.

“ಮಗಳ ಜಡಿ ಸಂಜೀಗೇ ಹಾಕು,” ಎಂದಳು ದಾನವ್ವ. “ಮುಂಜಾನೆ ಬ್ಯಾಡ.”

“ಮಲಗಿ ಎದ್ರ ಕೆದರಿ ಹೋಗಿರ್ತೈತಲ್ಲ ಅಕ್ಕಾ.”

“ಕೆದರ್ಲಿ. ಕೂದಲಾ ಕೆದರಿದ್ರ ಮಾಸ್ತರ ಏನೂ ಅನ್ನಾಂಗಿಲ್ಲ. ನೀ ಬಾಚಣಿಕಿಲೆ ಕುಟ್ಟಿದ ಗುಬಟಿ ನೋಡಿದ್ರ ಅಂತಾನ.”

ಜಡೆ ಸಂಜೆಗೆ ಹೋಯಿತು. ಮಕ್ಕಳು ಶಾಲೆಯ ಅಂಗಿ ತೊಟ್ಟೇ ಮಲಗತೊಡಗಿದರು. ರವಿವಾರ ನಾಲ್ಕು ಮನೆಯ ಹೆಂಗಸರು ದಾನವ್ವನ ಖೋಲಿಯಲ್ಲಿ ಕೂತು ವಾರಕ್ಕಾಗುವಷ್ಟು ಕಟಿ ರೊಟ್ಟಿ ಬಡಿದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟರು. ಬೆಳಿಗ್ಗೆ ಒಲೆ ಹಚ್ಚುವ ಗೊಡವೆಯೇ ಇಲ್ಲ. ಶೇಂಗಾ ಹಿಂಡಿ, ಒಂದಿಷ್ಟು ಮೊಸರು, ಆಯಿತು. ಗಂಡಸರು ಗೊಣಗಿದರು. “ದಿನಾ ಕಟಿ ರೊಟ್ಟಿ ಅಂದ್ರ, ನಾವೇನು ದಿನಾ ಊರಿಗೆ ಹೊಂಟೇವೇನು?” ಎಂದು ಒಬ್ಬ ಕೇಳಿದಾಗ ದಾನವ್ವ, “ಹೋಗ್ರಲ್ಲ, ಯಾರು ಬ್ಯಾಡ ಅಂದ್ರು? ಬುತ್ತಿ ಕಟ್ಟೇ ಐತಿ,” ಎಂದಳು.

ನಳದ ಸಾಲಿನಲ್ಲಿ ನಾಲ್ಕು ಮನೆಯ ಕೊಡಗಳೂ ಒಟ್ಟಿಗೆ ನಿಂತವು. ತುಂಬುವವಳು ದಾನವ್ವ ಒಬ್ಬಳೇ. ಐದೂವರೆಗೆ ಮಕ್ಕಳು ಕಣ್ಣು ತಿಕ್ಕುತ್ತಾ ಅವಳ ಖೋಲಿಗೆ ಬರುತ್ತಿದ್ದರು. ಖೋಲಿಯ ಮೂಲೆಯ ಬಚ್ಚಲು ಮೋರಿಯಲ್ಲಿ ಸಾಲಾಗಿ ಮುಖ ತೊಳೆದು, ತಿಂದು, ಆರೂ ಮುಕ್ಕಾಲಿಗೆ ಅವಳ ಹಿಂದೆ ಮುನಿಸಿಪಾಲಿಟಿ ಕನ್ನಡ ಶಾಲೆಗೆ ಹೊರಡುತ್ತಿದ್ದರು. ಶಾಲೆಗೆ ಹೋಗದ ಚಿಕ್ಕವರು ತಾಯಂದಿರು ಬರುವವರೆಗೆ ಅವಳ ಬಳಿಯೇ. ಖೋಲಿಯಲ್ಲಿ ಒಂದೇ ಕಟ್ಟಳೆ: ಒಳಗೆ ಬಂದ ಯಾರೂ ಯಾರ ಮೇಲೂ ಕೈ ಎತ್ತಬಾರದು. ಮಗನನ್ನು ಬಿಡಲು ಬಂದು ಹೊಸ್ತಿಲಲ್ಲೇ ಅವನ ತಲೆಗೆ ಮೊಟಕಿದ ತಾಯಿಯೊಬ್ಬಳನ್ನು ದಾನವ್ವ ವಾಪಸು ಕಳಿಸಿದ್ದಳು. “ಹೊರಗ ಹೋಗಿ ಹೊಡದು ಮುಗಿಸ್ಕೊಂಡು ಬಾ.”

ಮಕ್ಕಳ ಮುಖ ತೊಳೆಯುವ ಬಿಸಿನೀರು ಬರುತ್ತಿದ್ದುದು ಮೋನಪ್ಪನ ಬಾಯ್ಲರಿನಿಂದ. ಉಡುಪಿ ಕಡೆಯ ಮೋನಪ್ಪ ಗಿರಣಿ ಗೇಟಿನ ಎದುರು ಚಹಾದ ಹೊಟೇಲು ಇಟ್ಟಿದ್ದ. ದಾನವ್ವ ನಸುಕಿನಲ್ಲಿ ಹೋಗಿ ಒಂದು ಬಕೆಟ್ಟು ತರುತ್ತಿದ್ದಳು. ಅವನಿಗೆ ವಾರಕ್ಕೊಂದು ಡಬ್ಬಿ ಶೇಂಗಾ ಹಿಂಡಿ ಸಲ್ಲುತ್ತಿತ್ತು.

“ದಾನಕ್ಕ, ನಿಮ್ಮ ಸೈನ್ಯ ಎದ್ದಿತಾ?”

“ಸೈನ್ಯ ಎಲ್ಲೀದು ಮೋನಪ್ಪಣ್ಣಾ, ಎಲ್ಲಾ ಮೂಗು ಸೋರೂ ಮಂದಿ.”

ಒಂದು ದಿನ ಅವನು ನೀರು ಬಿಡುತ್ತಾ ಹೇಳಿದ: “ನೀವು ಆ ಖೋಲಿ ಸುರು ಮಾಡಿದ ಮೇಲೆ ಗೇಟಿನಲ್ಲಿ ನಿಲ್ಲುವ ಬದಲಿಯವರು ಒಂದು ಚಾ ತಗೊಂಡು ಇಬ್ಬರು ಕುಡೀತಾರೆ ಮಾರಾಯ್ರೆ. ಮೊದಲು ಹಾಗಿರಲಿಲ್ಲ.”

ದಾನವ್ವ ನಕ್ಕು ಬಕೆಟ್ಟು ಎತ್ತಿಕೊಂಡಳು. ಹನ್ನೊಂದು ವರ್ಷ ಆ ಗೇಟು ದಾಟಿದವಳಿಗೆ ಅವನು ಹೇಳಿದ್ದರ ಅರ್ಥ ತಿಳಿಯದ್ದೇನಲ್ಲ. ಕಾಯಂ ಕೆಲಸದವಳು ಏಳೂ ಹತ್ತರೊಳಗೆ ಬರದಿದ್ದರೆ ಅವಳ ಮಷೀನು ಅಂದಿನ ಮಟ್ಟಿಗೆ ಗೇಟಿನಲ್ಲಿ ಕಾದ ಬದಲಿಯವಳಿಗೆ. ಒಬ್ಬಳ ಲೇಟು ಇನ್ನೊಬ್ಬಳ ಮನೆಯ ಹಿಟ್ಟು. ತಿಳಿದದ್ದನ್ನು ಅವಳು ತೂಗಿ ನೋಡಲಿಲ್ಲ, ಅಷ್ಟೇ.

ವೈಂಡಿಂಗ್ ಖಾತೆಯ ಬದಲಿ ಪಟ್ಟಿಯಲ್ಲಿ ಮೊದಲ ಹೆಸರು ಶರಣವ್ವನದು. ಅವಳದೂ ಅದೇ ಮಾಳಿಗೆ, ಕೊನೆಯ ಖೋಲಿ. ಗಂಡ ಕ್ಷಯದಿಂದ ಹೋಗಿದ್ದ, ಮೂವರು ಹೆಣ್ಣುಮಕ್ಕಳು. ಖೋಲಿ ಶುರುವಾದ ಹೊಸತರಲ್ಲಿ ಅವಳೂ ಬಂದು ಕೇಳಿದ್ದಳು, “ನಮ್ಮವೂ ಮೂರು ಬರ್ಲೇನು ದಾನಕ್ಕಾ?”

ದಾನವ್ವ ಕೊಡ ಬೆಳಗುತ್ತಿದ್ದವಳು ತಲೆ ಎತ್ತಿರಲಿಲ್ಲ. “ದಿನಾ ಕೆಲಸಕ್ಕ ಹೋಗವ್ರ ಮಕ್ಕಳಿಗೇ ಜಾಗಾ ಸಾಲವಲ್ದು. ನೀ ಗೇಟಿನ್ಯಾಗ ಸುಮ್ಮ ನಿಂದ್ರೂದು. ನಿನಗೇನು ಅವಸರ?”

“ಹೌದಲ್ಲ,” ಎಂದಿದ್ದಳು ಶರಣವ್ವ. “ನನಗೇನು ಅವಸರ.”

ನಳದ ಜಗಳಗಳಲ್ಲಿ ಶರಣವ್ವ ಮೊದಲಿನಿಂದಲೂ ಮುಂದು. ಅವಳು ಜಗಳ ತೆಗೆದ ದಿನ ಒಬ್ಬಿಬ್ಬರಾದರೂ ಗೇಟಿಗೆ ತಡವಾಗಿ ಹೋಗುತ್ತಿದ್ದರು, ಅಂದು ಅವಳಿಗೆ ಮಷೀನು ಸಿಗುತ್ತಿತ್ತು. ದಾನವ್ವನ ಖೋಲಿ ನಾಲ್ಕು ತಿಂಗಳು ನಡೆಯುವುದರೊಳಗೆ ಶರಣವ್ವನ ಜಗಳಗಳು ಬರೀ ಮಾತಿಗೆ ನಿಲ್ಲದಾದವು. ಜನವರಿಯ ಕೊನೆಗೆ ಒಂದು ಬೆಳಿಗ್ಗೆ ನಾಲ್ಕು ಮನೆಯ ತಗಡಿನ ಕೊಡಗಳೂ ತಳದಲ್ಲಿ ಸೋರುತ್ತಿದ್ದವು. ಯಾರೋ ಮೊಳೆ ಹೊಡೆದಿದ್ದರು. ರಾಚವ್ವ ಮೇಣ ಮೆತ್ತಿ ನೀರು ಹೊತ್ತು ಗೇಟಿಗೆ ಹೋಗುವಷ್ಟರಲ್ಲಿ ಏಳೂ ಹನ್ನೆರಡು. ಫೆಬ್ರವರಿಯಲ್ಲಿ ಸಾಲಿನ ಜಾಗಕ್ಕೆ ಇಟ್ಟ ಕಲ್ಲು ಸರಿಸಿದ್ದಕ್ಕೆ ಶರಣವ್ವ ಒಬ್ಬಳ ಭುಜ ಕಚ್ಚಿ ಹಿಡಿದಳು. ಹಲ್ಲು ಬಿಡಿಸಲು ಮೂವರು ಬೇಕಾದರು. ಆ ಮೂವರಲ್ಲಿ ರಾಚವ್ವ ಒಬ್ಬಳು. ಅಂದೂ ಅವಳಿಗೆ ಲೇಟು.

ಅದು ಎರಡನೆಯದು. ಆ ಗಿರಣಿಯಲ್ಲಿ ಮೂರನೆಯ ಲೇಟಿಗೆ ಕಾಯಂ ಹೆಸರು ಹೊಡೆದು ಬದಲಿ ಪಟ್ಟಿಗೆ ಹಾಕುತ್ತಿದ್ದರು, ಪಟ್ಟಿಯ ಮೊದಲನೆಯವಳಿಗೆ ಕಾಯಂ ಮಷೀನು. ರಾಚವ್ವ ಕೆಳಗಿಳಿದರೆ ಮೇಲೇರುವವಳು ಶರಣವ್ವ. ಇದು ಇಡೀ ಮಾಳಿಗೆಗೆ ಗೊತ್ತಿತ್ತು.

“ನಾ ಇರೂತನಕ ನಿನ್ನ ಮೂರನೇದು ಆಗಗೊಡಾಂಗಿಲ್ಲ,” ಎಂದು ದಾನವ್ವ ರಾಚವ್ವನಿಗೆ ಹೇಳಿದಳು. ಮೊಳೆಗೆ ಜಗ್ಗಬಾರದೆಂದು ತಗಡಿನ ಕೊಡ ಬಿಟ್ಟು, ತವರಿನಿಂದ ತಂದ ದಪ್ಪ ಹಿತ್ತಾಳೆಯ ಕೊಡವನ್ನು ಅಟ್ಟದಿಂದ ಇಳಿಸಿದಳು.

ಮುಂದಿನ ಶುಕ್ರವಾರ ಐದು ಗಂಟೆಗೆ ನಳದ ಹತ್ತಿರ ಏಳೆಂಟು ಹೆಂಗಸರಿದ್ದರು. ಮೇಲೆ ಒಂದೇ ಬಲ್ಬು, ಅದೂ ಮಸಿ ಹಿಡಿದದ್ದು. ದಾನವ್ವನ ಹಿತ್ತಾಳೆಯ ಕೊಡ ಅರ್ಧ ತುಂಬಿತ್ತು. ಪಕ್ಕದಲ್ಲಿ ರಾಚವ್ವ ತನ್ನ ತಪ್ಪಲೆ ಹಿಡಿದು ನಿಂತಿದ್ದಳು. ಶರಣವ್ವ ಬಂದವಳೇ ಕಾಲಿನಿಂದ ಸಾಲಿನ ಕೊಡಗಳನ್ನು ಒದ್ದಳು, ದಾನವ್ವನ ಕೊಡ ಸರಿಸಿ ತನ್ನದನ್ನು ನಳದ ಕೆಳಗಿಟ್ಟಳು.

“ಪಾಳಿ ನಂದು, ಶರಣಿ.”

“ನಿನ್ನ ಪಾಳಿ ಮುಗದು ಮೂರು ವರ್ಷ ಆತು. ಏಳಕ್ಕ ನೀ ಎಲ್ಲಿ ಹೋಗಾಕಿ? ನಿನಗೇನು ಅವಸರ?”

“ಬಿಡ ಅಕ್ಕಾ,” ಎಂದಳು ರಾಚವ್ವ. “ಒಂದು ಕೊಡ ಒಯ್ಲಿ. ಇನ್ನೂ ಹೊತ್ತೈತಿ.”

ಬಿಟ್ಟಿದ್ದರೆ ಹೊತ್ತು ಇತ್ತು. ದಾನವ್ವ ಬಿಡಲಿಲ್ಲ. ಶರಣವ್ವನ ಕೊಡ ಎತ್ತಿ ಗ್ಯಾಲರಿಯ ಕಂಬಿಯಾಚೆ ಕೆಳಗಿನ ಅಂಗಳಕ್ಕೆ ಎಸೆದಳು. ಅದು ಕಲ್ಲಿನ ಫರಶಿಗೆ ಬಡಿದ ಸದ್ದಿಗೆ ಮೂರೂ ಮಾಳಿಗೆಯಲ್ಲಿ ಬಾಗಿಲು ತೆರೆದವು. ಶರಣವ್ವ ದಾನವ್ವನನ್ನು ಮುಟ್ಟಲಿಲ್ಲ. ನೇರ ರಾಚವ್ವನ ಮೇಲೆ ಬಿದ್ದಳು. ತುರುಬು ಹಿಡಿದು ತಲೆಯನ್ನು ಗೋಡೆಗೆ ಒಮ್ಮೆ ಬಡಿದಳು, ಇನ್ನೊಮ್ಮೆ ಬಡಿದಳು. ರಾಚವ್ವನ ಉಗುರುಗಳು ಅವಳ ಕತ್ತಿನಲ್ಲಿ ಇಳಿದಿದ್ದವು. ಕಾಲಡಿ ನೀರು, ಜಾರಿಕೆ. ಇಬ್ಬರೂ ಒಂದೇ ಮೂಟೆಯಂತೆ ಹೊರಳಾಡುತ್ತಿದ್ದರು. ದಾನವ್ವ ಹಿತ್ತಾಳೆಯ ಕೊಡವನ್ನು ಕಂಠ ಹಿಡಿದು ಎತ್ತಿ, ನೀರು ಸಮೇತ, ಶರಣವ್ವನ ತಲೆಯ ಮೇಲೆ ಬೀಸಿದಳು.

ಶರಣವ್ವ ಬಗ್ಗಿದಳು.

ಕೊಡದ ತಳದ ಅಂಚು ರಾಚವ್ವನ ಎಡಹುಬ್ಬಿಗೆ ಬಡಿಯಿತು. ತೆಂಗಿನಕಾಯಿ ಒಡೆದಷ್ಟು ಸಣ್ಣ ಸದ್ದು. ನೀರು ಎಲ್ಲರ ಮುಖಕ್ಕೆ ಹಾರಿದ್ದರಿಂದ ಯಾರೂ ಸರಿಯಾಗಿ ನೋಡಲಿಲ್ಲ. ದಾನವ್ವನ ಕೈಗೆ ಮಾತ್ರ ಗೊತ್ತಿತ್ತು. ಏಟು ಎಲ್ಲಿ ಬಿದ್ದಿತೆಂಬುದು ಕಂಠದಿಂದ ಮೊಣಕೈವರೆಗೆ ಏರಿ ಬಂದಿತ್ತು.

ಆಮೇಲೆ ಅವಳು ಮಾಡಿದ್ದು ರಾಚವ್ವನಿಗಾಗಿ ಅಲ್ಲ. ಶರಣವ್ವನ ಬಲಗೈ ಹಿಡಿದು, ನಳದ ಕಬ್ಬಿಣದ ಪೈಪಿಗೆ ಮುಂಗೈ ಒತ್ತಿ, ತನ್ನ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಹೆಂಗಸರು “ಬಿಡ ದಾನವ್ವಾ, ಬಿಡ” ಎಂದು ಸೆರಗು ಜಗ್ಗಿದರು. ಎಲುಬು ಮುರಿಯುವವರೆಗೂ ಬಿಡಲಿಲ್ಲ. ಶರಣವ್ವ ಕೂಗಲಿಲ್ಲ, ಹಲ್ಲು ಕಚ್ಚಿ, ಮೂಗಿನಲ್ಲಿ ಉಸಿರಾಡುತ್ತಾ ದಾನವ್ವನ ಮುಖವನ್ನೇ ನೋಡಿದಳು. ತಿರುಗಿದಾಗ ದಾನವ್ವನಿಗೆ ಕಂಡದ್ದು ಗ್ಯಾಲರಿಯಲ್ಲಿ ಸಾಲಾಗಿ ನಿಂತ ಮಕ್ಕಳು. ಶಾಲೆಯ ಅಂಗಿ ತೊಟ್ಟು, ಮುಖ ತೊಳೆಸಿಕೊಳ್ಳಲು ಬಂದವರು. ಒಬ್ಬರೂ ಅಳುತ್ತಿರಲಿಲ್ಲ.

ರಾಚವ್ವನ ಹುಬ್ಬಿಗೆ ಅರಿಶಿನ ಒತ್ತಿ, ಹಳೆಯ ಧೋತರದ ಪಟ್ಟಿ ಬಿಗಿದು, ಒಣ ಸೀರೆ ಉಡಿಸಿ, ದಾನವ್ವ ಅವಳನ್ನು ಮೊದಲ ಭೋಂಗಾ ಕೂಗುವ ಮೊದಲೇ ಕೆಳಗಿಳಿಸಿದಳು. “ನಡಿ. ಹೊತ್ತೈತಿ. ಯಾರ ಕೇಳಿದ್ರೂ ಜಾರಿ ಬಿದ್ದೆ ಅನ್ನು.”

ಹೊತ್ತು ಇತ್ತೇ ಇತ್ತು. ಮಕ್ಕಳನ್ನು ಶಾಲೆಗೆ ಒಯ್ಯುವ ದಾರಿ ಗೇಟಿನ ಮುಂದೆಯೇ. ಏಳಕ್ಕೆ ಆರು ನಿಮಿಷ ಇರುವಾಗ ದಾನವ್ವ ಅಲ್ಲಿಗೆ ಬಂದಾಗ ರಾಚವ್ವ ಗೇಟಿನ ಒಳಗೆ, ಖಾತೆಯ ಮೇಲ್ವಿಚಾರಕ ಮುಕಾದಮನ ಮುಂದೆ ನಿಂತಿದ್ದಳು. ಪಟ್ಟಿಯ ಕೆಳಗಿನಿಂದ ರಕ್ತ ಮತ್ತೆ ಇಳಿದು ಗಲ್ಲದಿಂದ ಕುಪ್ಪಸಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಅಂಗೈಯಿಂದ ಒರೆಸಿ, ಅಂಗೈ ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಮುಕಾದಮ ಕೆಟ್ಟವನೇನಲ್ಲ. ಮರಾಠಿಯಲ್ಲಿ ಮೆಲ್ಲಗೆ, “ಸುತಾಲಾ ರಕ್ತ ಲಾಗೇಲ್, ಬಾಯಿ,” ಎಂದ. ಬಿಳಿ ನೂಲಿಗೆ ಒಂದು ಹನಿ ಬಿದ್ದರೂ ಅದನ್ನು ಸುತ್ತಿದ ಇಡೀ ಬಾಬಿನ್ ಹಾಳು; ಅದರ ಲೆಕ್ಕ ಅವನ ತಲೆಗೆ ಬರುತ್ತಿತ್ತು. ರಾಚವ್ವ ಗೋಗರೆದಳು, ಬಂದಿದ್ದೇನಲ್ಲ, ಹೊತ್ತಿಗೆ ಸರಿಯಾಗಿ ಬಂದಿದ್ದೇನಲ್ಲ ಎಂದಳು. ಅವನು ಕಾರ್ಡು ತೆಗೆದು ಮೂರನೆಯ ಗೆರೆ ಎಳೆದ. ಕೆಲಸಕ್ಕೆ ನಿಲ್ಲದಿದ್ದರೆ ಬಾರದಂತೆಯೇ.

“ಬದಲಿ,” ಎಂದು ಕೂಗಿದ.

ಶರಣವ್ವ ಸೆರಗಿನೊಳಗೆ ಬಲಗೈ ಅಡಗಿಸಿಕೊಂಡು ಮುಂದೆ ಬಂದಳು. ಮುಖ ಬೂದಿಯಾಗಿತ್ತು. ಮುಕಾದಮ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಪಕ್ಕದ ಬುಟ್ಟಿಯಿಂದ ಬಾಬಿನ್ ತೆಗೆದು ಅವಳ ಬಲಗಡೆಗೇ ಚಾಚಿದ. ಅವಳು ಎಡಗೈ ತಂದಳು. ಅವನು ಬಾಬಿನ್ ಹಿಂದೆಗೆದು, “ಅದು ಅಲ್ಲ, ಆ ಕೈ,” ಎಂದ. ಸೆರಗಿನಿಂದ ಹೊರಬಂದ ಮುಂಗೈ ಊದಿ, ಬೆರಳು ನೀಲಿಯಾಗಿ, ಬೇರೆ ಯಾರದೋ ಎಂಬಂತೆ ತೂಗುತ್ತಿತ್ತು. ಮಷೀನು ಹಿಂದೆ ನಿಂತಿದ್ದ, ಪಕ್ಕದ ಲಾಲಬಾಗ್ ಪೇಟೆಯ ಹೆಂಗಸಿಗೆ ಹೋಯಿತು. ಅವಳಿಗೆ ಈ ನಳದ ಸುದ್ದಿ ಏನೂ ಗೊತ್ತಿರಲಿಲ್ಲ. ಒಳಗೆ ಓಡುವಾಗ ಅವಳ ಮುಖದಲ್ಲಿ ನಗು ತಡೆದರೂ ನಿಲ್ಲುತ್ತಿರಲಿಲ್ಲ.

ಶನಿವಾರದೊಳಗೆ ಚಾಳಿನಲ್ಲಿ ಕಥೆ ಗಟ್ಟಿಯಾಯಿತು: ಶರಣವ್ವ ಕೊಡದಿಂದ ರಾಚವ್ವನ ಹಣೆ ಒಡೆದಳು, ದಾನವ್ವ ಅವಳ ಕೈ ಮುರಿದು ಬುದ್ಧಿ ಕಲಿಸಿದಳು. ರಾಚವ್ವ ತಾನೂ ಹಾಗೇ ನಂಬಿದ್ದಳು. ಆಸ್ಪತ್ರೆಯಲ್ಲಿ ಏಳು ಹೊಲಿಗೆ ಬಿದ್ದಿದ್ದವು. ಹೆಂಗಸರು ದಾನವ್ವನ ಖೋಲಿಗೆ ಬಂದು, “ಇನ್ನೊಂದು ಕೈನೂ ಮುರೀಬೇಕಿತ್ತ ನೀ,” ಎಂದು ಹೋದರು. ಸೋಮವಾರ ಚಾಳಿನ ಮಾಲೀಕನ ಗುಮಾಸ್ತ ಬಂದಾಗ ಶರಣವ್ವನನ್ನು ಖೋಲಿ ಬಿಡಿಸಬೇಕೆಂದು ಹೇಳುವುದು ಎಂದು ನಿಶ್ಚಯವಾಯಿತು.

ರವಿವಾರ ಮಧ್ಯಾಹ್ನ ಅವಳು ಒಂದು ಕೊಡ ನೀರು ಹೊತ್ತು ಕೊನೆಯ ಖೋಲಿಗೆ ಹೋದಳು. ಶರಣವ್ವ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಬಿದಿರ ಸೀಳು ಕಟ್ಟಿತ್ತು. ದೊಡ್ಡ ಮಗಳು, ಒಂಬತ್ತು ವರ್ಷದವಳು, ದಾನವ್ವನನ್ನು ಕಂಡು ಎದ್ದು ತಂಗಿಯರನ್ನು ಮೂಲೆಗೆ ಎಳೆದುಕೊಂಡಳು.

“ಹಣಿಗೆ ಬಡದದ್ದು ನಿನ್ನ ಕೊಡಾ ಅಂತ ಅವರಿಗೆ ಹೇಳೀದೇನು?” ಎಂದಳು ಶರಣವ್ವ.

“ಇಲ್ಲ.”

“ಹೇಳಬ್ಯಾಡ. ನಾ ಹೇಳಿದ್ರ ಯಾರು ನಂಬ್ತಾರ? ನೀ ಅಂದ್ರ ಅವರಿಗೆ ದೇವರು. ದೇವರ ಕೊಡಾ ಮಂದಿ ಹಣಿಗೆ ಬಡಿಯೂದಿಲ್ಲ.”

ದಾನವ್ವ ಕೊಡ ಇಳಿಸಿದಳು. ಬಾಗಿಲ ಹೊರಗಡೆಯ ಅಗುಳಿ ಅವಳ ಕಣ್ಣಿಗೆ ಬಿತ್ತು. ಅದಕ್ಕೆ ಹೊಸ ದೊಡ್ಡ ಬೀಗ ತೂಗುತ್ತಿತ್ತು. “ಹಗಲ್ಯಾಗ ಯಾಕ ಇಷ್ಟು ದೊಡ್ಡ ಕೀಲಿ?”

“ನಾ ಆರಕ್ಕ ಹೋಗೂಮುಂದ ಇವರನ್ನ ಒಳಗ ಹಾಕಿ ಹೋಗ್ತೀನಿ. ಕೆಲಸಾ ಸಿಗಲಿಲ್ಲಂದ್ರ ಏಳೂವರಿಗೆ ಬಂದು ತೆಗೀತೀನಿ. ಸಿಕ್ಕರ ನಾಕ ಗಂಟೇಕ್ಕ.”

“ಸಿಕ್ಕ ದಿನಾ... ಊಟಾ?”

“ಸಿಗದಿದ್ದ ದಿನಾ ಏನು ಊಟಾ ಅಂತ ಕೇಳು ಮೊದಲ.” ಅವಳು ಮುರಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ನೀ ಎಲ್ಲಾರ ಮುಂಜಾನೆ ಹಗರ ಮಾಡೀದಿ. ನಮ್ಮ ಮುಂಜಾನೆ ಹೆಂಗ ಅಂತ ಒಮ್ಮೆರ ಬಂದು ನೋಡೀದೇನು?”

ದಾನವ್ವ ಹನ್ನೊಂದು ವರ್ಷ ಕಾಯಂ ಇದ್ದವಳು. ಬದಲಿಯವಳ ಬೆಳಗು ಏಳೂ ಹತ್ತರವರೆಗೆ ಯಾವ ಕಡೆಯೂ ವಾಲದೆ ನಿಂತಿರುತ್ತದೆ, ದಿನಾ ಹೋಗುವವಳಿಗಿಂತ ಅವಳ ಮಕ್ಕಳಿಗೇ ಒಂದು ಬಾಗಿಲು ತೆರೆದಿರಬೇಕು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

“ನಾಳಿಂದ ಮೂವರನ್ನೂ ಕಳಸು,” ಎಂದಳು.

“ನನ್ನ ಕೈ ಮುರದದ್ದಕ್ಕ?”

“ಕಳಸು ಅಂದೆ.”

ಮೂಲೆಯಿಂದ ದೊಡ್ಡ ಮಗಳು, “ನಾ ಹೋಗಾಂಗಿಲ್ಲ ಯವ್ವಾ, ಆಕಿ ನಮ್ಮ ಕೈನೂ ಮುರೀತಾಳ,” ಎಂದಳು.

ಸೋಮವಾರ ಐದಕ್ಕೆ ನಳದ ಹತ್ತಿರ ಎಲ್ಲರೂ ಇದ್ದರು. ರಾಚವ್ವನೂ ಬಂದಿದ್ದಳು. ಹುಬ್ಬಿನ ಮೇಲೆ ಕಪ್ಪು ದಾರದ ಹೊಲಿಗೆ, ಕಣ್ಣು ಅರ್ಧ ಮುಚ್ಚುವಷ್ಟು ಬಾವು. ಇನ್ನು ಅವಳು ಬದಲಿಯ ಸಾಲಿನಲ್ಲಿ ನಿಲ್ಲಬೇಕಿತ್ತು, ಅದೂ ಎಲ್ಲರಿಗಿಂತ ಹಿಂದೆ. ದಾನವ್ವ ಹಿತ್ತಾಳೆಯ ಕೊಡವನ್ನು ನಳದ ಕೆಳಗಿಡದೆ ಎಲ್ಲರ ನಡುವೆ ಇಟ್ಟಳು.

“ರಾಚವ್ವಾ, ನಿನ್ನ ಹಣಿ ಒಡದಾಕಿ ಶರಣಿ ಅಲ್ಲ. ಕೊಡಾ ನಂದು, ಕೈನೂ ನಂದು. ಆಕೀಗೆ ಬೀಸಿದ್ದೆ, ನಿನಗ ಬಿತ್ತು. ಗುಮಾಸ್ತನಿಗೆ ಯಾರೂ ಏನೂ ಹೇಳೂದು ಬ್ಯಾಡ.”

ನಳದಿಂದ ನೀರು ಬೀಳುತ್ತಲೇ ಇತ್ತು, ಕೆಳಗಿದ್ದ ಕೊಡ ತುಂಬಿ ಹರಿಯಿತು. ಯಾರೋ ಒಬ್ಬಳು, “ಏ, ಸುಳ್ಳು. ಶರಣೀನ್ನ ಉಳಸಾಕ ಹೇಳಾಕತ್ತಾಳ,” ಎಂದಳು. ರಾಚವ್ವ ಮಾತ್ರ ದಾನವ್ವನ ಮುಖ ನೋಡಿದಳು, ಆಮೇಲೆ ಕೊಡದ ತಳದ ಅಂಚು ನೋಡಿದಳು. ಮುಂದೆ ಬಂದು ಅದನ್ನು ಎರಡೂ ಕೈಯಿಂದ ಎತ್ತಿದಳು.

ಮೊದಲ ಏಟು ದಾನವ್ವನ ಎಡ ಭುಜಕ್ಕೆ ಬಿತ್ತು. ಎರಡನೆಯದು ಕತ್ತಿನ ಕೆಳಗಿನ ಎಲುಬಿಗೆ. ಅದು ಮುರಿದದ್ದು ದಾನವ್ವನಿಗೆ ಒಳಗಿನಿಂದ ಕೇಳಿಸಿತು. ಅವಳು ಗೋಡೆಗೆ ಒರಗಿ ಜಾರಿ ಕೂತಳು, ಕೈ ಎತ್ತಲಿಲ್ಲ. ಮೂರನೆಯದಕ್ಕೆ ಎತ್ತಿದ ಕೊಡ ರಾಚವ್ವನ ತಲೆಯ ಮೇಲೆ ಬಹಳ ಹೊತ್ತು ನಿಂತಿತು.

“ಬಿಡ ಅಂದಿದ್ದೆ,” ಎಂದಳು ರಾಚವ್ವ. “ಒಂದು ಕೊಡ ಒಯ್ಲಿ ಅಂದಿದ್ದೆ. ಹೊತ್ತಿತ್ತು ನನಗ.” ಕೊಡ ನೆಲಕ್ಕೆ ಬಿಟ್ಟಳು. ದಾನವ್ವನ ಖೋಲಿಗೆ ಹೋಗಿ, ಆಗಲೇ ಬಂದು ಅರೆನಿದ್ದೆಯಲ್ಲಿದ್ದ ಮಗನನ್ನು ಕಂಕುಳಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ತನ್ನ ಮನೆ ಸೇರಿ ಬಾಗಿಲು ಹಾಕಿಕೊಂಡಳು.

ಅಂದು ಅವಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಗೇಟಿಗೆ ಹೋದಳು. ಮೋನಪ್ಪ ಆಮೇಲೆ ಹೇಳಿದ್ದು: ಅಂದು ನಾಲ್ಕೈದು ಜನ ಹೊತ್ತಿಗೆ ಬರಲಿಲ್ಲ, ಮುಂದೆ ನಿಂತಿದ್ದ ಬದಲಿಯವರನ್ನು ಕೈಸನ್ನೆ ಮಾಡಿ ಒಳಗೆ ಬಿಟ್ಟು, ಕೊನೆಗೆ ಮುಕಾದಮ ರಾಚವ್ವನನ್ನೂ ಕರೆದ. ಮೂರು ವರ್ಷದ ಮಗ ಅವಳ ಕಾಲು ಬಿಡಲಿಲ್ಲ. ಅವಳು ಬಿಡಿಸಿದಳು, ಹುಡುಗ ಮತ್ತೆ ಹಿಡಿದ. ಅವಳು ಅವನನ್ನು ಹೊಡೆದಳು, ಬೆನ್ನಿಗೆ, ಕಪಾಳಕ್ಕೆ, ಕೈಗೆ ಸಿಕ್ಕಲ್ಲೆಲ್ಲ, ಜನ ನೋಡುತ್ತಿದ್ದಂತೆಯೇ. “ನಾನು ಹೋಗಿ ಹಿಡಿದುಕೊಂಡೆ ದಾನಕ್ಕ. ಅಷ್ಟು ಹೊತ್ತಿಗೆ ಗೇಟು ಮುಚ್ಚಿದ್ರು.” ಅವನು ಬಾಯ್ಲರಿನ ಕಡೆ ನೋಡುತ್ತಾ ಹೇಳಿದ. “ಹುಡುಗನ ಮೂಗು ಒಡೆದಿತ್ತು.”

ಮಂಗಳವಾರ ದಾನವ್ವನ ಎಡಗೈ ಎದೆಗೆ ಕಟ್ಟಿತ್ತು. ನೀರನ್ನು ಬೇರೆ ಹೆಂಗಸರು ತುಂಬಿದರು. ಖೋಲಿಯಲ್ಲಿ ಮಕ್ಕಳು ಮುಖ ತೊಳೆದು ಕೂತಿದ್ದರು. ಶರಣವ್ವನ ಮೂವರೂ ಬಂದಿದ್ದರು. ದೊಡ್ಡವಳು ಬಾಗಿಲಿಗೆ ಹತ್ತಿರ, ಓಡಲು ಅನುಕೂಲವಾಗುವಂತೆ, ಬೆನ್ನು ಗೋಡೆಗೆ ಕೊಟ್ಟು ಕೂತಿದ್ದಳು. ದಾನವ್ವ ರೊಟ್ಟಿ ಮುರಿದು ಕೊಟ್ಟಾಗ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. ತಾಟಿನಲ್ಲಿಟ್ಟ ಮೇಲೆ ತೆಗೆದುಕೊಂಡಳು.

ಆರು ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ರಾಚವ್ವ ನಿಂತಳು. ಕಂಕುಳಲ್ಲಿ ಮಗ, ಅವನ ಮೂಗಿನ ತುದಿಯಲ್ಲಿ ಒಣಗಿದ ರಕ್ತ. ಹಿಂದೆ ಮಗಳು. ರಾಚವ್ವ ಹೊಸ್ತಿಲು ದಾಟಲಿಲ್ಲ, ದಾನವ್ವನ ಮುಖ ನೋಡಲಿಲ್ಲ.

“ಹಿಡಿ,” ಎಂದಳು.

ದಾನವ್ವ ಒಂದೇ ಕೈ ಚಾಚಿದಳು. ಎತ್ತಿಕೊಳ್ಳಲು ಆಗದೆ ಹುಡುಗನನ್ನು ಸೊಂಟಕ್ಕೆ ಆನಿಸಿ ಕೆಳಗಿಳಿಸಿದಳು.

“ಕೆಲಸಾ ಸಿಗಲಿಲ್ಲಂದ್ರ ಏಳೂವರಿಗೆ ಬಂದು ಕರ್ಕೊಂಡು ಹೋಗ್ತೀನಿ.”

“ಸಿಕ್ಕರ?”

“ಸಿಕ್ಕರ ನಾ ಬರೂತನಕ ನಿನ್ನ ಹಂತೇಕ ಇರ್ಲಿ.”

“ಮೂಗಿಗೆ ಬಿಸಿನೀರು ಹಚ್ಚತೀನಿ.”

ರಾಚವ್ವ ಮಗಳನ್ನು ಮುಂದಕ್ಕೆ ದೂಡಿದಳು. ಹುಡುಗಿ ಒಳಗೆ ಕಾಲಿಟ್ಟು, ಶರಣವ್ವನ ದೊಡ್ಡ ಮಗಳನ್ನು ಕಂಡು ನಿಂತುಬಿಟ್ಟಳು. ಆ ಹುಡುಗಿಯೂ ಅಗಿಯುವುದನ್ನು ನಿಲ್ಲಿಸಿ ಇವಳನ್ನು ನೋಡಿದಳು. ಸಾಲಿನಲ್ಲಿ ಬೇರೆ ಜಾಗವಿರಲಿಲ್ಲ.

“ಸರೀ ಸ್ವಲ್ಪ,” ಎಂದಳು ದಾನವ್ವ.

ಶರಣವ್ವನ ಮಗಳು ತಕ್ಷಣ ಸರಿಯಲಿಲ್ಲ. ತಾಟನ್ನು ಮೊದಲು ತನ್ನ ಕಡೆಗೆ ಎಳೆದುಕೊಂಡಳು, ಆಮೇಲೆ ಒಂದು ಗೇಣು ಸರಿದಳು. ರಾಚವ್ವ ಅಷ್ಟನ್ನು ನೋಡಿ ತಿರುಗಿದಳು. ಗೇಟಿನಲ್ಲಿ ಸಾಲು ಆರಕ್ಕೇ ಕಟ್ಟುತ್ತಿತ್ತು. ಅವಳು ಮೆಟ್ಟಿಲು ಇಳಿದು ಓಡುವ ಸದ್ದು ಅಂಗಳದವರೆಗೂ ಕೇಳಿಸಿತು.